ಅಕ್ಕನ ದೋಣಿಗೆ ನನ್ನ ಕಣ್ಣು

ನಮ್ಮೂರಿನಲ್ಲಿ ಯಾರಾದರೂ ತೂಕಡಿಸಿದರೆ ಪಕ್ಕದವರು "ಎಂತ ಮಾರಾಯ, ಭುಜಂಗ ಆದ್ಯಾ?" ಎಂದು ಕೇಳುತ್ತಾರೆ. ಆ ಭುಜಂಗ ನಾನೇ. ಬದುಕಿರುವಾಗಲೇ ಹೆಸರು ಊರಿನ ಮಾತಿಗೆ ಸೇರಿಹೋಗುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ಕೊಡೆ ರಿಪೇರಿ ನನ್ನ ಕಸುಬು. ಮಳೆಗಾಲದ ನಾಲ್ಕು ತಿಂಗಳು ಕಡ್ಡಿ ನೆಟ್ಟಗೆ ಮಾಡಿ, ಬಟ್ಟೆಗೆ ತೇಪೆ ಹಾಕಿ, ಉಳಿದ ಎಂಟು ತಿಂಗಳು ಅಂಗಡಿಯ ಬಾಗಿಲಲ್ಲಿ ಕುಳಿತು ತೂಕಡಿಸುತ್ತೇನೆ. ಮದುವೆ ಮನೆಯಲ್ಲಿ, ಸೊಸೈಟಿಯ ಸಭೆಯಲ್ಲಿ, ಕ್ಷೌರದ ಕುರ್ಚಿಯಲ್ಲಿ, ಒಮ್ಮೆ ಹಲ್ಲು ಕೀಳಿಸಿಕೊಳ್ಳುವಾಗ ಕೂಡ ನಾನು ನಿದ್ದೆ ಹೋಗಿದ್ದೇನೆ. ಬೇರೆ ಊರಿನಲ್ಲಾದರೆ ಇದನ್ನು ನಕ್ಕು ಬಿಡುತ್ತಿದ್ದರು. ನಮ್ಮೂರಿನಲ್ಲಿ ಹಾಗೆ ಬಿಡುವಂತಿಲ್ಲ, ಏಕೆಂದರೆ ಇಲ್ಲಿ ದಡದಿಂದ ಯಾರಾದರೂ ನೋಡುತ್ತಿದ್ದರೆ ಮಾತ್ರ ಹಾಯಿದೋಣಿ ಮುಂದೆ ಹೋಗುತ್ತದೆ.

ಗಾಳಿ ಎಷ್ಟೇ ಬೀಸಲಿ, ಹಾಯಿ ಎಷ್ಟೇ ಉಬ್ಬಲಿ, ನೋಡುವವರು ಮುಖ ತಿರುಗಿಸಿದರೆ ದೋಣಿ ನಿಂತಲ್ಲೇ ನಿಲ್ಲುತ್ತದೆ. ರೆಪ್ಪೆ ಬಡಿದರೆ ಅಡ್ಡಿಯಿಲ್ಲ, ನಿದ್ದೆ ಹೋದರೆ ಆಯಿತು ಕಥೆ. ಹಾಗಾಗಿ ಗಂಡಸರು ಕಡಲಿಗೆ ಹೋದಾಗ ಮನೆಮನೆಯಿಂದ ಒಬ್ಬರು ದಡಕ್ಕೆ ಬಂದು ಕೂರುತ್ತಾರೆ. ನಮ್ಮೂರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಇಡೀ ಮಧ್ಯಾಹ್ನ ಜಗಳವಾಡಬಲ್ಲರು. ಬಟ್ಟೆ ಅಂಗಡಿಗಳಿಗಿಂತ ಕನ್ನಡಕದ ಅಂಗಡಿಗಳೇ ಹೆಚ್ಚು. ಗಂಡಿನ ಮನೆಯವರ ಮೊದಲ ಪ್ರಶ್ನೆ ಹುಡುಗಿಯ ಕಣ್ಣು ಎಷ್ಟು ದೂರ ಕಾಣುತ್ತದೆ ಎಂಬುದು. ಹೆಂಡತಿಗೆ ಸಿಟ್ಟು ಬಂದರೆ ಗಂಡನ ದೋಣಿ ಮಟಮಟ ಮಧ್ಯಾಹ್ನ ಕಡಲ ನಡುವೆ ಅರ್ಧ ಗಂಟೆ ನಿಂತಿರುತ್ತದೆ, ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ.

ಮದುವೆ ದೋಣಿಯ ಕಟ್ಟಳೆ ಇನ್ನೂ ಬಿಗಿ. ಹೆಣ್ಣು ಗಂಡನ ಊರಿಗೆ ಹಾಯಿದೋಣಿಯಲ್ಲೇ ಹೋಗಬೇಕು. ದಾರಿಯುದ್ದಕ್ಕೂ ಮೂರು ದೀಪಸ್ತಂಭಗಳಿವೆ: ಊರ ದೀಪ, ನಡು ದೀಪ, ಕಡೆ ದೀಪ. ಊರ ದೀಪದ ಬುಡದಲ್ಲಿ ಊಟ, ವಾಲಗ, ನೆಂಟರು ಎಲ್ಲ ಇರುತ್ತಾರೆ, ಅಲ್ಲಿಂದ ಯಾರು ಬೇಕಾದರೂ ದೋಣಿ ನೋಡಬಹುದು. ಮುಂದೆ ತವರಿನ ಒಬ್ಬರಿಗೆ ಮಾತ್ರ ಆ ಹಕ್ಕು. ಅವರನ್ನು ಮನೆಯ ಕಣ್ಣು ಎನ್ನುತ್ತಾರೆ. ಅವರು ಬಸ್ಸು ಹಿಡಿದು ದೀಪದಿಂದ ದೀಪಕ್ಕೆ ಹೋಗಿ, ಕುಳಿತು, ದೋಣಿಯನ್ನು ನೋಡುತ್ತಾ ದಾಟಿಸಬೇಕು. ಬಸ್ಸಿನಲ್ಲಿರುವಷ್ಟು ಹೊತ್ತು ದೀಪ ಕಾಯುವವರು ನೋಡಿಕೊಳ್ಳುತ್ತಾರೆ. ಸೂರ್ಯ ಮುಳುಗುವುದರೊಳಗೆ ದೋಣಿ ಕಡೆ ದೀಪದ ಮುಂದಿನ ಬಂಡೆ ದಾಟಿದರೆ ಅಲ್ಲಿಂದಾಚೆ ಗಂಡಿನ ಕಣ್ಣಿಗೆ ಬೀಳುತ್ತದೆ, ಮದುವೆ ಆದ ಹಾಗೆ. ದಾಟದಿದ್ದರೆ ದೋಣಿ ವಾಪಸು, ಸಂಬಂಧವೂ ವಾಪಸು. ಅದೇ ಗಂಡಿಗೆ ಎರಡನೇ ದೋಣಿ ಹೊರಡುವುದಿಲ್ಲ.

ನನ್ನ ಅಕ್ಕ ವಾರಿಜ ಹಾಯಿ ಹೊಲಿಯುವವಳು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅವಳಿಗೆ ಹದಿನಾಲ್ಕು, ನನಗೆ ಎಂಟು. ಹಾಯಿ ಹೊಲಿಯುವ ದಬ್ಬಳದಿಂದಲೇ ನನ್ನನ್ನು ಸಾಕಿದಳು. ಈಗ ಅವಳಿಗೆ ಐವತ್ತಾರು, ನನಗೆ ಐವತ್ತು, ಈ ಐವತ್ತು ವರ್ಷದಲ್ಲಿ ನಾನು ಒಲೆ ಹಚ್ಚಿದ್ದು ಎರಡು ಸಲ, ಅದರಲ್ಲಿ ಒಂದು ಸಲ ಹೊತ್ತಿಕೊಂಡದ್ದು ಒಲೆಯಲ್ಲ. ಹೀಗಿರುವಾಗ ಕಡೆ ದೀಪದ ಆಚೆಯ ಊರಿನ ಉಗ್ಗಪ್ಪ ಎಂಬ ಮನುಷ್ಯ ನಮ್ಮ ಮನೆಗೆ ಬರತೊಡಗಿದ. ಹೆಂಡತಿ ತೀರಿಕೊಂಡು ಹತ್ತು ವರ್ಷವಾದವನು, ತೆಂಗಿನಕಾಯಿ ಸಾಗಿಸುವ ಸಣ್ಣ ದೋಣಿ ಇಟ್ಟುಕೊಂಡವನು. ಬೇರೆಯವರ ಹಾಯಿ ಎರಡು ವರ್ಷಕ್ಕೊಮ್ಮೆ ಹರಿದರೆ ಇವನದು ವರ್ಷಕ್ಕೆ ಆರು ಸಲ ಹರಿಯುತ್ತಿತ್ತು. ಬಟ್ಟೆಯ ವಿಷಯ ನನಗಿಂತ ಬಲ್ಲವರು ಯಾರು ಎಂಬ ಜಂಭದಿಂದ ನಾಲ್ಕು ವರ್ಷ ಅವನಿಗೆ ಬುದ್ಧಿ ಹೇಳಿದೆ: "ನಿಮ್ಮ ಕ್ಯಾನ್ವಾಸು ಸರಿ ಇಲ್ಲ, ಅಂಗಡಿ ಬದಲಾಯಿಸಿ." ಅವನು ತಲೆ ತಗ್ಗಿಸಿ ಕೇಳಿಕೊಂಡು, ಎರಡು ತಿಂಗಳಿಗೆ ಮತ್ತೆ ಹರಿದ ಹಾಯಿ ಹೊತ್ತು ಬರುತ್ತಿದ್ದ. ಹರಿದ ಅಂಚು ಪ್ರತಿ ಸಲವೂ ಬ್ಲೇಡು ಹಾಕಿದಷ್ಟು ನೇರವಾಗಿರುತ್ತಿತ್ತು. ಇಪ್ಪತ್ತೆಂಟು ವರ್ಷ ಕೊಡೆ ರಿಪೇರಿ ಮಾಡಿದ ನನಗೆ ಆಗ ಅದು ಹೊಳೆಯಲಿಲ್ಲ.

ಐದನೇ ವರ್ಷ ಒಂದು ಮಧ್ಯಾಹ್ನ ಅಕ್ಕ ಅನ್ನ ಬಡಿಸುತ್ತಾ, "ಉಗ್ಗಪ್ಪನವರು ಕೇಳ್ತಾ ಇದ್ದಾರೆ. ನಾನು ಹೂಂ ಅಂದಿದ್ದೇನೆ" ಎಂದಳು.

"ಪುನಃ ಹರೀತಾ?" ಎಂದೆ ನಾನು, ಸಾರಿಗೆ ಕೈ ಚಾಚಿ.

"ಹಾಯಿ ಅಲ್ಲ ಭುಜಂಗ, ನನ್ನನ್ನು ಕೇಳ್ತಾ ಇದ್ದಾರೆ" ಎಂದಳು ಅಕ್ಕ. ಸಾರು ಬಡಿಸಿದಳು. ನಾನು ಉಂಡೆ. ಅಂಥ ಸುದ್ದಿ ಕೇಳಿಯೂ ಎರಡನೇ ಸಲ ಅನ್ನ ಹಾಕಿಸಿಕೊಂಡೆ ಎಂದರೆ ನಾನೆಂಥ ಪ್ರಾಣಿ ಎಂದು ನೀವೇ ಲೆಕ್ಕ ಹಾಕಿ.

ಇದು ಅಕ್ಕನ ಎರಡನೇ ಮದುವೆ ದೋಣಿ. ಮೊದಲನೆಯದು ಮೂವತ್ತು ವರ್ಷದ ಹಿಂದೆ ಹೊರಟಿತ್ತು. ಹಂಚಿನ ಕಾರ್ಖಾನೆಯ ಗುಮಾಸ್ತ, ಒಳ್ಳೆಯ ಹುಡುಗ, ಅಕ್ಕನಿಗೂ ಮನಸ್ಸಿತ್ತು. ಮನೆಯ ಕಣ್ಣು ನಾನೇ, ಆಗ ನನಗೆ ಇಪ್ಪತ್ತು. ನಡು ದೀಪದಲ್ಲಿ ನಾನು ನಿದ್ದೆ ಹೋದೆ. ದೋಣಿ ನಿಂತಿತು, ಸೂರ್ಯ ಮುಳುಗಿದ, ಅಕ್ಕ ವಾಪಸು ಬಂದಳು. ಮುಂದಿನ ವರ್ಷ ಗುಮಾಸ್ತನಿಗೆ ಬೇರೆ ಕಡೆ ಮದುವೆಯಾಯಿತು. ಅಕ್ಕ ಒಂದು ಸಲವೂ ನನ್ನನ್ನು ಬೈಯಲಿಲ್ಲ. ಬಂದ ದಿನವೇ ಸೀರೆ ಬದಲಾಯಿಸಿ ಅನ್ನಕ್ಕೆ ನೀರಿಟ್ಟಳು. ನನ್ನ ಹೆಸರು ಊರ ಮಾತಿಗೆ ಸೇರಿದ್ದು ಆಮೇಲೆ.

ಹಾಗಾಗಿ ಈ ಸಲ ಮನೆಯ ಕಣ್ಣು ಯಾರು ಎಂಬ ಮಾತು ಬಂದಾಗ ಪಕ್ಕದ ಮನೆಯ ಸೇಸಪ್ಪಣ್ಣ ಎದ್ದು ನಿಂತರು. ಊರಿನ ಅತಿ ಗಟ್ಟಿ ಕಣ್ಣು ಅವರದು. ಒಮ್ಮೆ ಜ್ವರದಲ್ಲಿ ಮಲಗಿಕೊಂಡೇ ಕಿಟಕಿಯಿಂದ ನಾಲ್ಕು ದೋಣಿ ದಡ ಸೇರಿಸಿದವರು. "ವಾರಿಜಾ, ನಾನು ನಿನಗೆ ಅಣ್ಣನ ಹಾಗೆ. ಈ ಸಲ ನಾನು ನೋಡ್ತೇನೆ. ಇವನಿಗೆ ಬೇಕಾದ್ರೆ ಮನೆಯಲ್ಲಿ ಚಾಪೆ ಹಾಕಿ ಕೊಡುವ" ಎಂದರು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಅಕ್ಕ ನಗಲಿಲ್ಲ. "ಬೇಡ ಸೇಸಪ್ಪಣ್ಣ. ಭುಜಂಗನೇ ನೋಡ್ಲಿ" ಎಂದಳು.

ಮದುವೆಯ ಬೆಳಿಗ್ಗೆ ಊರ ದೀಪದ ಬುಡದಲ್ಲಿ ನನಗೆ ನಡೆದ ಉಪಚಾರ ಮದುಮಗಳಿಗೂ ನಡೆಯಲಿಲ್ಲ. ಒಬ್ಬರು ಫ್ಲಾಸ್ಕಿನಲ್ಲಿ ಕಾಫಿ ತಂದರು. ಒಬ್ಬರು ಶುಂಠಿ ತುಂಡು ಕೊಟ್ಟು ದವಡೆಯಲ್ಲಿ ಇಟ್ಟುಕೋ ಎಂದರು. ಸೇಸಪ್ಪಣ್ಣ ನಶ್ಯದ ಡಬ್ಬಿಯನ್ನೇ ಕಿಸೆಗೆ ತುರುಕಿ, "ರೆಪ್ಪೆ ಭಾರ ಆದ್ರೆ ಒಂದು ಚಿಟಿಕೆ ಏರಿಸು. ಇವತ್ತು ಮಲಗಿದ್ರೆ ಊರಿಗೆ ಬರ್ಬೇಡ, ಅಲ್ಲೇ ಕಡಲಿಗೆ ಹಾರು" ಎಂದರು. ನಾನು ಎಲ್ಲವನ್ನೂ ಶಾಲಿನ ಕೆಳಗೆ ಸೇರಿಸಿಕೊಂಡೆ. ಅಕ್ಕ ಹಸಿರು ಸೀರೆ ಉಟ್ಟು, ತಾನೇ ಹೊಲಿದ ಹೊಸ ಬಿಳಿ ಹಾಯಿಯ ದೋಣಿ ಹತ್ತುವ ಮೊದಲು ನನ್ನ ಹತ್ತಿರ ಬಂದು ಬುತ್ತಿ ಕೈಗಿಟ್ಟಳು. ತನ್ನ ಮದುವೆಯ ದಿನವೂ ನಾಲ್ಕು ಗಂಟೆಗೆ ಎದ್ದು ನನಗೆ ಕಡುಬು ಬೇಯಿಸಿದ್ದಳು.

"ಚಟ್ನಿ ಮೊದಲು ತಿನ್ನು, ಹಳಸ್ತದೆ" ಎಂದಳು. ಜಾಗ್ರತೆ ಎನ್ನಲಿಲ್ಲ, ಈ ಸಲವಾದರೂ ಎನ್ನಲಿಲ್ಲ. ಅಂದಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ದೋಣಿ ಹೊರಟಿತು. ಆವತ್ತು ಕಡಲಿನಲ್ಲಿ ಇಪ್ಪತ್ತು ಮೂವತ್ತು ಹಾಯಿಗಳಿದ್ದವು. ಮೀನಿನ ದೋಣಿ, ಉಪ್ಪಿನ ದೋಣಿ, ದಡದಲ್ಲಿ ಕುಳಿತವರ ಕಣ್ಣಿಗೆ ತಕ್ಕಂತೆ ಒಂದು ಮುಂದೆ, ಒಂದು ಹಿಂದೆ. ಇಡೀ ಊರೇ ನೋಡುತ್ತಿದ್ದುದರಿಂದ ಅಕ್ಕನ ದೋಣಿ ಎಲ್ಲವನ್ನೂ ಹಿಂದೆ ಹಾಕಿ ಜರ್ರನೆ ಹೋಯಿತು. ನೋಡಲು ಚೆನ್ನಾಗಿತ್ತು. ಕೆಲಸದ ಜವಾಬ್ದಾರಿ ಇಲ್ಲದೆ ನಾನು ದೋಣಿ ನೋಡಿದ್ದು ಆವತ್ತು ಅಷ್ಟೇ ಹೊತ್ತು. ಹತ್ತೂವರೆಯ ಬಸ್ಸು ಬಂದಿತು, ನನ್ನನ್ನು ಹೆಣ್ಣು ಒಪ್ಪಿಸುವವರ ಹಾಗೆ ಹತ್ತಿಸಿ ಕಳಿಸಿದರು. ಕಂಡಕ್ಟರು ಟಿಕೆಟು ಕೊಡುತ್ತಾ, "ಭುಜಂಗಣ್ಣ, ನಡು ದೀಪ ಬಂದ್ರೆ ನಾನೇ ಎಬ್ಬಿಸ್ತೇನೆ" ಎಂದ.

ನಡು ದೀಪ ಊರಿನಿಂದ ದೂರ, ಸುತ್ತ ಗಾಳಿಮರದ ತೋಪು ಬಿಟ್ಟರೆ ನರಪಿಳ್ಳೆ ಇಲ್ಲ. ಕಪ್ಪು ಬಿಳಿ ಪಟ್ಟೆಯ ಎತ್ತರದ ಗೋಪುರ. ಬುಡದಲ್ಲಿ ಮನೆಯ ಕಣ್ಣುಗಳು ಕೂರಲೆಂದೇ ಒಂದು ಕಲ್ಲು ಬೆಂಚು. ದೀಪ ಕಾಯುವ ಗುಲಾಬಿಯಕ್ಕ ನಲವತ್ತರ ಗಟ್ಟಿ ಹೆಂಗಸು, ನಾನು ಹೋದಾಗ ಕೆಳಗೆ ನಿಂತು ಅಕ್ಕನ ದೋಣಿಯನ್ನು ನೋಡುತ್ತಿದ್ದರು. ದೋಣಿ ದೂರದ ಕರಿ ಕಲ್ಲಿನ ಹತ್ತಿರವಿತ್ತು.

"ನಾನು ಬಂದೆ. ಇನ್ನು ನೀವು ಊಟಕ್ಕೆ ಹೋಗಿ" ಎಂದೆ.

"ಹನ್ನೊಂದೂವರೆಗೆ ಎಂತ ಊಟ?" ಎಂದರು ಅವರು. ನನ್ನ ಮುಖ ಒಮ್ಮೆ ನೋಡಿ, "ಆಯ್ತು, ಹೋಗ್ತೇನೆ" ಎಂದು ಗೋಪುರದ ಒಳಗೆ ಹೋದರು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಮೂವತ್ತು ವರ್ಷದ ಹಿಂದೆ ಇದೇ ಬೆಂಚಿನ ಮೇಲೆ ನನಗೆ ನಿದ್ದೆ ಬಂದಿರಲಿಲ್ಲ. ನಾನು ಬೇಕೆಂದೇ ಕಣ್ಣು ಮುಚ್ಚಿದ್ದೆ. ಅಕ್ಕ ಹೋದರೆ ನನಗೆ ಯಾರಿದ್ದಾರೆ ಎಂದು ಹೆದರಿದ್ದೆ. ಐದು ನಿಮಿಷ ಮುಚ್ಚುತ್ತೇನೆ, ದೋಣಿ ಸ್ವಲ್ಪ ತಡವಾಗಲಿ, ಅಷ್ಟೇ ಸಾಕು ಎಂದುಕೊಂಡೆ. ಐದು ನಿಮಿಷ ಹೋಗಿ ಎರಡು ಗಂಟೆಯಾಯಿತು. ಊರವರು ಬಂದು ಅಲುಗಾಡಿಸಿದಾಗ ನಿದ್ದೆಯಿಂದ ಎದ್ದವನ ಹಾಗೆ ಆಕಳಿಸಿದೆ. ಆ ಆಕಳಿಕೆಯೇ ನನ್ನ ಕುತ್ತಿಗೆಗೆ ಬಂತು. ನಿಜವಾಗಿ ನಿದ್ದೆಬಡುಕನಾದರೆ ಆ ಒಂದು ದಿನ ಮಾತ್ರ ಮಲಗಿದರೆ ಜನ ನಂಬುತ್ತಾರೆಯೇ? ಹಾಗಾಗಿ ಮರುದಿನದಿಂದ ಸಿಕ್ಕಸಿಕ್ಕಲ್ಲಿ ತೂಕಡಿಸತೊಡಗಿದೆ. ಮದುವೆ ಮನೆ, ಸೊಸೈಟಿ ಸಭೆ, ಕ್ಷೌರದ ಕುರ್ಚಿ, ಎಲ್ಲ ಕಡೆಯೂ ನಾನು ಎಚ್ಚರವಾಗಿಯೇ ಇದ್ದೆ. ಹಲ್ಲು ಕೀಳಿಸಿಕೊಂಡಾಗ ಜೀವ ಬಾಯಿಗೆ ಬಂದರೂ ಗೊರಕೆ ನಿಲ್ಲಿಸಲಿಲ್ಲ. ಮೂವತ್ತು ವರ್ಷ ಹಗಲಿಡೀ ನಿದ್ದೆಯ ನಾಟಕ ಆಡಿ, ರಾತ್ರಿ ಒಂದು ಗಳಿಗೆ ನಿದ್ದೆ ಬಾರದೆ ಹೊರಳಾಡಿದ ಮನುಷ್ಯ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಇಷ್ಟು ಪಾಪ ಹೊತ್ತವನು ಈ ಸಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕಲ್ಲವೇ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಬುತ್ತಿ ಬಿಚ್ಚಿ ಚಟ್ನಿ ಮೊದಲು ತಿಂದೆ. ಕಡುಬು ತಿಂದೆ. ಕಡುಬು ಮುಗಿಯಿತು. ಪಾತ್ರೆಯ ತಳ ಕಂಡಾಗ ನನಗೆ ಥಟ್ಟನೆ ಹೊಳೆಯಿತು, ಇದು ಅವಳ ಕೈಯ ಕೊನೆಯ ಬುತ್ತಿ. ನಾಳೆ ಬೆಳಿಗ್ಗೆ ನಾನು ಎದ್ದಾಗ ಆ ಮನೆಯಲ್ಲಿ ದಬ್ಬಳದ ಸದ್ದಿಲ್ಲ, ಕೆಮ್ಮಿಲ್ಲ, ಎದ್ದೆಯಾ ಭುಜಂಗ ಎಂದು ಕೇಳುವವರಿಲ್ಲ. ಇಪ್ಪತ್ತರಲ್ಲಿ ಹಿಡಿದ ಹೆದರಿಕೆಯೇ ಐವತ್ತರಲ್ಲೂ ಹಿಡಿಯಿತು. ನಾಚಿಕೆಗೇಡು, ಆದರೆ ಹಿಡಿಯಿತು. ಅರ್ಧ ಗಂಟೆ ಸಾಕು, ಸೂರ್ಯ ಮುಳುಗುವ ಮೊದಲು ದಾಟಲಾಗುವುದಿಲ್ಲ. ಹೇಗೂ ನಾನು ಭುಜಂಗ, ನಿದ್ದೆ ಹೋದ ಎಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ಕಣ್ಣು ಮುಚ್ಚಿದೆ.

ಅರ್ಧ ಗಂಟೆ ಎಚ್ಚರದಲ್ಲಿ ಕಣ್ಣು ಮುಚ್ಚಿ ಕೂರುವುದು ಎಷ್ಟು ಕಷ್ಟ ಎಂದು ಅನುಭವಿಗಳಿಗೆ ಮಾತ್ರ ಗೊತ್ತು. ಮೂಗು ತುರಿಸಿತು. ಇರುವೆ ಕಾಲು ಹತ್ತಿತು. ನೋಡುವವರು ಯಾರೂ ಇಲ್ಲದಿದ್ದರೂ ಅಭ್ಯಾಸಬಲದಿಂದ ಗೊರಕೆಯನ್ನೂ ಹೊಡೆದೆ, ಸಣ್ಣಗೆ ಶಿಳ್ಳೆ ಬರುವಂಥದ್ದು, ಸೊಸೈಟಿ ಸಭೆಗೆ ಬಳಸುವುದು. ಕೊನೆಗೆ ಸಾಕೆನಿಸಿ ಕಣ್ಣು ಬಿಟ್ಟೆ. ಕರಿ ಕಲ್ಲಿನ ಹತ್ತಿರ ದೋಣಿ ಇರಲಿಲ್ಲ. ಅದು ಬಹಳ ಮುಂದೆ, ಗುಡ್ಡದ ತಿರುವಿನ ಹತ್ತಿರ, ಬಿಳಿ ಹಾಯಿ ಉಬ್ಬಿಸಿಕೊಂಡು ಆರಾಮವಾಗಿ ಹೋಗುತ್ತಿತ್ತು.

ನನ್ನ ಕಣ್ಣು ಮುಚ್ಚಿದರೂ ಒಂದೇ, ಬಿಟ್ಟರೂ ಒಂದೇ ಎಂದು ಕಡಲಿಗೂ ಗೊತ್ತಾಯಿತೇ ಎಂದು ಪೆಚ್ಚಾಗಿ ಕುಳಿತೆ. ಆಗ ತಲೆಯ ಮೇಲಿನಿಂದ ಬಟ್ಟಲಿಗೆ ಚಮಚ ತಗುಲಿದ ಸದ್ದು ಕೇಳಿತು. ಗೋಪುರದ ತುದಿಯ ಕಟಕಟೆಯಲ್ಲಿ ಗುಲಾಬಿಯಕ್ಕ ಕುಳಿತಿದ್ದರು. ಮಡಿಲಲ್ಲಿ ಗಂಜಿಯ ಬಟ್ಟಲು, ಕಣ್ಣು ದೋಣಿಯ ಮೇಲೆ. ಏದುಸಿರು ಬಿಡುತ್ತಾ ನೂರಾ ಹನ್ನೆರಡು ಮೆಟ್ಟಿಲು ಹತ್ತಿದೆ.

"ಗೊರಕೆ ಚಂದ ಹೊಡೀತೀರಿ" ಎಂದರು ಅವರು, ಕಡಲಿನಿಂದ ಕಣ್ಣು ತೆಗೆಯದೆ.

"ಆಯಾಸ... ಬೆಳಿಗ್ಗೆ ಬೇಗ ಎದ್ದದ್ದು" ಎಂದೆ.

"ಸುಮ್ಮನಿರಿ ಭುಜಂಗಣ್ಣ. ನಿಮ್ಮ ಅಕ್ಕ ಹೋದ ವಾರವೇ ಇಲ್ಲಿಗೆ ಬಂದಿದ್ದರು. ನನ್ನ ತಮ್ಮ ಇಲ್ಲಿ ಕಣ್ಣು ಮುಚ್ಚುತ್ತಾನೆ, ನೀವು ಮೇಲೆ ಕೂತು ನೋಡಿ ಅಂತ ಹೇಳಿ ಹೋದ್ರು. ಊರ ದೀಪದಲ್ಲಿ ಜನ ಇರ್ತಾರೆ, ಅವನಿಗೆ ನಾಚಿಕೆ ಆಗ್ತದೆ, ಇಲ್ಲಿ ಯಾರೂ ಇಲ್ಲ, ಇಲ್ಲೇ ಮುಚ್ಚುತ್ತಾನೆ ಅಂತ."

"ನಿದ್ದೆ ಹೋಗ್ತಾನೆ ಅಂದಳಾ?"

"ಅಲ್ಲ. ಮುಚ್ಚುತ್ತಾನೆ ಅಂದ್ರು. ಹೋದ ಸಲವೂ ಅವನಿಗೆ ನಿದ್ದೆ ಬಂದಿರಲಿಲ್ಲ ಅಂದ್ರು."

ನಾನು ಕಟಕಟೆಯ ಕಬ್ಬಿಣ ಹಿಡಿದು ಕುಳಿತುಬಿಟ್ಟೆ. ಮೂವತ್ತು ವರ್ಷ. ಅವಳ ಎದುರಿಗೆ ಎಷ್ಟು ಸಲ ತೂಕಡಿಸಿದ್ದೇನೆ, ಬಾಯಿ ತೆರೆದು, ಜೊಲ್ಲು ಕೂಡ ಸುರಿಸಿ. ಪ್ರತಿ ಸಲವೂ ಅವಳು ನನ್ನ ತಲೆಯ ಕೆಳಗೆ ದಿಂಬು ಇಟ್ಟು ಹೋಗುತ್ತಿದ್ದಳು. ಗೊತ್ತಿದ್ದೂ ಇಡುತ್ತಿದ್ದಳು. ಭೂಮಿ ಬಾಯಿ ಬಿಡಲಿ ಎನಿಸಿತು.

ಕುಳಿತಲ್ಲಿಂದಲೇ ಕೇಳಿದೆ, "ಕಡೆ ದೀಪದಲ್ಲಿ ಯಾರಿಗೆ ಹೇಳಿದ್ದಾಳೆ?"

"ಯಾರಿಗೂ ಇಲ್ಲ. ಅಲ್ಲಿ ಐತಪ್ಪಜ್ಜನಿಗೆ ಕಣ್ಣಿನ ಆಪರೇಷನ್ ಆಗಿದೆ, ಪಟ್ಟಿ ಕಟ್ಟಿದ್ದಾರೆ. ನನ್ನ ಮಗಳನ್ನು ಕಳಿಸ್ತೇನೆ ಅಂದೆ. ಬೇಡ ಅಂದ್ರು. ಅಲ್ಲಿ ಅವನಿಗೇ ಬಿಡಿ ಅಂದ್ರು." ಗುಲಾಬಿಯಕ್ಕ ಮೊದಲ ಸಲ ದೋಣಿಯಿಂದ ಕಣ್ಣು ತೆಗೆದು ಅರೆಕ್ಷಣ ನನ್ನನ್ನು ನೋಡಿ, ಮತ್ತೆ ಕಡಲಿಗೆ ತಿರುಗಿದರು. "ಎರಡೂ ಕಾಲಿನ ಬಸ್ಸು ಉಂಟು. ತಿರುವಿನ ತನಕ ನಾನು ನೋಡ್ತೇನೆ. ತಿರುವಿನ ಆಚೆ ನನಗೆ ಕಾಣುವುದಿಲ್ಲ. ಅಲ್ಲಿಂದ ನೀವುಂಟು, ನಿಮ್ಮ ಅಕ್ಕ ಉಂಟು."

ಬಸ್ಸಿನಲ್ಲಿ ನಾನು ಕಿಟಕಿಯ ಬದಿಗೆ ಕುಳಿತು ಎರಡೂ ಕಣ್ಣು ಅಗಲಕ್ಕೆ ಬಿಟ್ಟುಕೊಂಡೇ ಇದ್ದೆ. ಎದುರು ಸೀಟಿನ ಮಗು ಹೆದರಿ ಅಳತೊಡಗಿತು. ಎಷ್ಟೋ ವರ್ಷದ ಮೇಲೆ ಹತ್ತು ಜನರ ನಡುವೆ ತೂಕಡಿಸದೆ ಕುಳಿತಿದ್ದೆ, ಕೈಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕಡೆ ದೀಪಕ್ಕೆ ಹೋಗುವ ಹೊತ್ತಿಗೆ ನಾಲ್ಕು ದಾಟಿತ್ತು. ದಾರಿಯಲ್ಲಿ ಟೈರು ಪಂಕ್ಚರಾಗಿತ್ತು, ಇದರಲ್ಲಿ ಮಾತ್ರ ನನ್ನ ಕೈವಾಡವಿರಲಿಲ್ಲ.

ಕಡೆ ದೀಪ ಗಿಡ್ಡ ಗೋಪುರ, ಸುಣ್ಣ ಎದ್ದ ಗೋಡೆ. ಐತಪ್ಪಜ್ಜ ಹೊರಗೆ ಜಗಲಿಯ ಮೇಲೆ ಕುಳಿತಿದ್ದರು. ಒಂದು ಕಣ್ಣು ಹೋಗಿ ವರ್ಷಗಳಾಗಿದ್ದವು, ಇನ್ನೊಂದಕ್ಕೆ ಹಸಿರು ಪಟ್ಟಿ. ಕಣ್ಣಿಲ್ಲದೆ ದೀಪ ಹೇಗೆ ಹಚ್ಚುತ್ತೀರಿ ಎಂದರೆ, "ಸ್ವಿಚ್ಚು ಎಲ್ಲುಂಟು ಅಂತ ಕೈಗೆ ಗೊತ್ತುಂಟು ಮಗಾ" ಎಂದರು. ನಾನು ಕಡಲಿನತ್ತ ತಿರುಗಿದೆ. ಗುಡ್ಡದ ತಿರುವು ದಾಟಿದ ಕೂಡಲೇ ಅಕ್ಕನ ದೋಣಿ ನಿಂತಿತ್ತು. ಹಾಯಿ ತುಂಬಿಕೊಂಡಿತ್ತು, ಸುತ್ತ ಅಲೆ ಏಳುತ್ತಿತ್ತು, ದೋಣಿ ಮಾತ್ರ ಗೋಡೆಗೆ ಅಂಟಿಸಿದ ಚಿತ್ರದ ಹಾಗೆ ಇತ್ತು. ಮುಂದೆ ಮೈಲಿ ದೂರದಲ್ಲಿ ಬಂಡೆ. ನಾನು ನೋಡಿದೆ. ದೋಣಿ ಹೊರಟಿತು.

ಹೊರಟಿತು ನಿಜ, ಆದರೆ ಆ ನಡಿಗೆಯನ್ನು ಹೇಗೆ ಹೇಳಲಿ? ಬೇಡದ ಮನೆಗೆ ಊಟಕ್ಕೆ ಹೊರಟವರ ಹಾಗೆ. ಒಂದು ಗಂಟೆ ನೋಡಿದರೂ ಅರ್ಧ ದಾರಿ ಸಾಗಿರಲಿಲ್ಲ. ಸೂರ್ಯ ಇಳಿಯುತ್ತಿದ್ದ.

"ಹೇಗೆ ಹೋಗ್ತಾ ಉಂಟು?" ಎಂದರು ಐತಪ್ಪಜ್ಜ.

"ನಿಧಾನ ಅಜ್ಜ. ಗಾಳಿ ಕಡಿಮೆ."

"ಗಾಳಿ ನನ್ನ ಮುಖಕ್ಕೇ ಹೊಡೀತಾ ಉಂಟಲ್ಲ. ನೀನು ಮನಸ್ಸಿಲ್ಲದೆ ನೋಡ್ತಾ ಇದ್ದಿ. ನೋಡುವವನಿಗೆ ಮನಸ್ಸಿಲ್ಲದಿದ್ರೆ ದೋಣಿಗೆ ಎಲ್ಲಿಂದ ಬರ್ಬೇಕು?"

ಇದು ನಮ್ಮೂರಿನ ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ. ಕಣ್ಣು ಬಿಟ್ಟರೆ ಸಾಲದು, ಹೋಗಲಿ ಎಂದು ಮನಸ್ಸು ಮಾಡಬೇಕು. ನಾನು ಪ್ರಯತ್ನಪಟ್ಟೆ. ಹೋಗು ಅಕ್ಕ, ಸುಖವಾಗಿರು ಎಂದು ಒಳಗೇ ಹೇಳಿಕೊಂಡೆ. ದೋಣಿ ಮತ್ತಷ್ಟು ನಿಧಾನವಾಯಿತು, ಸುಳ್ಳು ಅದಕ್ಕೂ ಗೊತ್ತಾಗಿರಬೇಕು. ನನ್ನ ಪಾಪ ನೆನೆದು ನನಗೇ ಬೈದುಕೊಂಡೆ. ದೋಣಿ ಪೂರ್ತಿ ನಿಂತಿತು, ಬೈದುಕೊಳ್ಳುವಾಗಲೂ ನಾನು ನೋಡುತ್ತಿದ್ದುದು ನನ್ನನ್ನೇ. ನಶ್ಯ ಏರಿಸಿದೆ. ಒಂಬತ್ತು ಸೀನು ಬಂದವು, ಪ್ರತಿ ಸೀನಿಗೂ ಕಣ್ಣು ಮುಚ್ಚಿ ದೋಣಿ ಮುಗ್ಗರಿಸಿತು. ಅಕ್ಕ ದೋಣಿಯ ಕಂಬ ಹಿಡಿದುಕೊಂಡದ್ದು ದೂರದಿಂದಲೂ ಕಾಣಿಸಿತು. ಇಂಥ ಮನೆಯ ಕಣ್ಣು ಯಾವ ಹೆಣ್ಣಿಗೂ ಬೇಡ.

"ಗಂಡು ಹೇಗೆ?" ಎಂದು ಕೇಳಿದರು ಐತಪ್ಪಜ್ಜ, ನನ್ನ ಸೀನು ನಿಂತ ಮೇಲೆ.

"ಹುಚ್ಚ. ಒಳ್ಳೆಯ ಹಾಯಿಯನ್ನು ಬ್ಲೇಡಿನಿಂದ ಹರಿದು ಹೊಲಿಸ್ಲಿಕ್ಕೆ ತರ್ತಿದ್ದ. ವರ್ಷಕ್ಕೆ ಆರು ಸಲ."

"ಅವಳಿಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗದೆ ಇರುತ್ತದೆಯೇ. ಹಾಯಿ ಹೊಲಿಯುವವಳಿಗೆ ಹರಿದದ್ದು ಯಾವುದು, ಕೊಯ್ದದ್ದು ಯಾವುದು ಎಂದು ಮುಟ್ಟಿದರೇ ತಿಳಿಯುತ್ತದೆ. ಆಗ ನನಗೆ ಆ ದಿನಗಳು ಒಂದೊಂದಾಗಿ ನೆನಪಾದವು. ಉಗ್ಗಪ್ಪನ ಹಾಯಿ ಬಂದ ದಿನ ಅಕ್ಕ ಎರಡು ಗಂಟೆಯ ಕೆಲಸವನ್ನು ನಾಲ್ಕು ದಿನ ಮಾಡುತ್ತಿದ್ದಳು. ನೇರ ಹರಿದದ್ದಕ್ಕೆ ಹೂವಿನ ಹೊಲಿಗೆ ಹಾಕುತ್ತಿದ್ದಳು, ಕಡಲಿನಲ್ಲಿ ಯಾರು ನೋಡುತ್ತಾರೆ ಅದನ್ನು. ಒಲೆಯ ಮೇಲೆ ಅನ್ನ ಸೀದು ಹೋಗುತ್ತಿತ್ತು. ನಾನು ಬಟ್ಟಲು ತಳ್ಳಿ, "ಎಂತ ಅಕ್ಕ, ಇವತ್ತೂ ಸೀದು ಹೋಯ್ತಾ?" ಎಂದು ಮುಖ ಗಂಟಿಕ್ಕುತ್ತಿದ್ದೆ. ಅವಳು "ಹೌದಲ್ಲ ಮಾರಾಯ" ಎಂದು ನಗುತ್ತಿದ್ದಳು. ಯಾರ ಮೇಲೂ ಅಲ್ಲದ, ತನ್ನಷ್ಟಕ್ಕೆ ಬಂದ ನಗು. ಆ ನಗು ನೋಡಿಯೂ ನಾನು ಅನ್ನದ ಲೆಕ್ಕ ಕೇಳಿದ್ದೆ. ಅಯ್ಯೋ ಅಕ್ಕ, ನೀನು ಖುಷಿಯಲ್ಲಿದ್ದೆ. ನನ್ನೆದುರಿಗೇ ಕೂತು ನಾಲ್ಕು ವರ್ಷ ಖುಷಿಯಲ್ಲಿದ್ದೆ.

"ಅಜ್ಜ," ಎಂದೆ, "ಹೋಗ್ತಾ ಉಂಟು."

ನಿಜಕ್ಕೂ ಹೋಗುತ್ತಿತ್ತು. ಹಾಯಿ ಬಾಗಿ ನೀರು ಸೀಳಿಕೊಂಡು ಹೋಗುತ್ತಿತ್ತು. ಸೂರ್ಯ ನೀರಿಗೆ ತಾಗಿದ್ದ. ನನ್ನ ಕಣ್ಣು ತುಂಬಿ ಬಂತು, ಎಲ್ಲ ಮಸುಕಾಯಿತು, ದೋಣಿ ತಡವರಿಸಿತು.

"ಅಳ್ಬೇಡ ಮಾರಾಯ, ನೀರಿನಲ್ಲಿ ಕಣ್ಣು ಕಾಣುವುದಿಲ್ಲ. ಅಳುವುದಿದ್ರೆ ಆಮೇಲೆ ಅಳು, ಜಗಲಿ ಉಂಟು, ನಾನುಂಟು" ಎಂದರು ಐತಪ್ಪಜ್ಜ.

ಅಂಗೈಯಿಂದ ಕಣ್ಣೊರೆಸಿದೆ. ಮತ್ತೆ ತುಂಬಿತು. ಕೊನೆಗೆ ಹೆಬ್ಬೆಟ್ಟು ತೋರುಬೆರಳಿನಿಂದ ಎರಡೂ ಕಣ್ಣಿನ ರೆಪ್ಪೆ ಎತ್ತಿ ಹಿಡಿದು ನಿಂತೆ. ಮೂಗು ಸುರಿಯುತ್ತಿತ್ತು, ಶಾಲು ಜಾರಿ ಕಾಲಿಗೆ ಸುತ್ತಿಕೊಂಡಿತ್ತು. ಆ ಹೊತ್ತಿನಲ್ಲಿ ನನ್ನನ್ನು ಕಂಡವರು ಭೂತ ಬಡಿದಿದೆ ಎನ್ನುತ್ತಿದ್ದರು. ಪುಣ್ಯಕ್ಕೆ ಅಲ್ಲಿದ್ದವರೊಬ್ಬರೇ, ಅವರಿಗೂ ಕಣ್ಣಿರಲಿಲ್ಲ. ಸೂರ್ಯ ಅರ್ಧ ಮುಳುಗಿದ. ಮುಕ್ಕಾಲು ಮುಳುಗಿದ. ಕೆಂಪು ಒಂದು ಉಗುರಿನಷ್ಟು ಉಳಿದಾಗ ಬಿಳಿ ಹಾಯಿ ಬಂಡೆಯನ್ನು ದಾಟಿತು.

ನನ್ನ ಕೈ ಕೆಳಗಿಳಿಯಿತು. ಕೆಲಸ ಮುಗಿದಿತ್ತು, ಕಣ್ಣು ಮುಚ್ಚಿದರೂ ಯಾರೂ ಕೇಳುವಂತಿರಲಿಲ್ಲ. ಆದರೆ ಮುಚ್ಚಲಿಲ್ಲ, ಹಾಗಾಗಿ ಅದನ್ನು ಕಂಡೆ. ಬಂಡೆ ದಾಟಿದ ಕ್ಷಣ ಅಕ್ಕನ ದೋಣಿ ಹಾರಿತು. ಐವತ್ತು ವರ್ಷ ದೋಣಿ ನೋಡಿದವನು ನಾನು, ಸೇಸಪ್ಪಣ್ಣನ ಗಟ್ಟಿ ಕಣ್ಣು ಓಡಿಸಿದ ದೋಣಿಗಳನ್ನೂ ನೋಡಿದ್ದೇನೆ, ಬೆಳಿಗ್ಗೆ ಇಡೀ ಊರು ಸೇರಿ ಓಡಿಸಿದ್ದನ್ನೂ ನೋಡಿದ್ದೆ. ಅವೆಲ್ಲ ಇದರ ಮುಂದೆ ಏನೂ ಅಲ್ಲ. ನೀರು ಎರಡೂ ಬದಿಗೆ ಎದ್ದು ನಿಂತಿತು. ಅಕ್ಕ ಕಂಬ ಬಿಟ್ಟು ಎದ್ದು ನಿಂತಳು, ಸೆರಗು ಗಾಳಿಗೆ ಹಾರಿದರೂ ಹಿಡಿದುಕೊಳ್ಳಲಿಲ್ಲ. ಆ ಕಡೆಯ ದಡದಲ್ಲಿ ಒಬ್ಬನೇ ಒಬ್ಬ ನಿಂತು ನೋಡುತ್ತಿದ್ದ. ಬೆಳಗಿನಿಂದಲೋ, ನಾಲ್ಕು ವರ್ಷದಿಂದಲೋ ನೋಡುತ್ತಿದ್ದವನು. ನಮ್ಮ ಮನೆಯಲ್ಲಿ ಅವಳ ಎದುರಿಗೆ ನಲವತ್ತೆರಡು ವರ್ಷ ಉಂಡ ನಾನು ಒಂದು ದಿನವೂ ಅವಳನ್ನು ಹಾಗೆ ನೋಡಿರಲಿಲ್ಲ.

ನೀರಿನ ಸದ್ದು ಐತಪ್ಪಜ್ಜನಿಗೂ ಕೇಳಿಸಿರಬೇಕು. ಅವರು ಜಗಲಿಯಿಂದ ಎದ್ದು ಗೋಡೆ ಹಿಡಿದು ನನ್ನ ಹತ್ತಿರ ಬಂದರು.

"ಎಂತ ಮಗಾ ಅದು, ಇಷ್ಟು ಜೋರು? ಆ ಕಡೆಯಿಂದ ಯಾರು ನೋಡ್ತಾ ಇರುವುದು?"

"ನಮ್ಮ ಭಾವ" ಎಂದೆ.